83% ತೋರಿಸುತ್ತಿದ್ದ ಬ್ಯಾಟರಿ ಏರು ಹತ್ತಲಿಲ್ಲ ಯಾಕೆ

ಕಳೆದ ವರ್ಷ ಚಳಿಗಾಲದ ಒಂದು ಸಂಜೆ. ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ವಾಪಸ್ ಹೊರಟಿದ್ದೆ, ಮನೆಗೆ ಇನ್ನು 9 ಕಿಲೋಮೀಟರ್ ಇತ್ತು. ಬ್ಯಾಟರಿ 22%. ಡ್ಯಾಶ್‌ಬೋರ್ಡ್ ನೋಡಿದರೆ ಇನ್ನೂ 27 ಕಿಲೋಮೀಟರ್ ಓಡುತ್ತದೆ ಅಂತ ತೋರಿಸುತ್ತಿತ್ತು. ಹಾಗಾಗಿ ನಾನು ನಿಶ್ಚಿಂತೆಯಿಂದ ಬರುತ್ತಿದ್ದೆ. ಕೊನೆಯ ಏರು ಶುರುವಾಯಿತು, ಆಕ್ಸಿಲರೇಟರ್ ತುಳಿದೆ, ಕಾರು ಎಳೆಯಲೇ ಇಲ್ಲ. ಹಳದಿ ದೀಪ ಹತ್ತಿತು, ಪವರ್ ಕಡಿಮೆ ಮಾಡಲಾಗಿದೆ ಅಂತ ಸೂಚನೆ ಬಂತು. ಹಿಂದೆ ನಾಲ್ಕೈದು ಗಾಡಿಗಳು ಸಾಲುಗಟ್ಟಿದವು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೇಗೋ ತೆವಳಿಕೊಂಡು ಮೇಲೆ ಬಂದೆ. ರಸ್ತೆ ಸಮವಾದ ಕೂಡಲೇ ದೀಪ ಆರಿಹೋಯಿತು! ಏನೂ ಆಗೇ ಇಲ್ಲ ಅನ್ನೋ ಹಾಗೆ ಕಾರು ಮನೆಗೆ ಬಂತು. ನಿಲ್ಲಿಸಿದಾಗ ಬ್ಯಾಟರಿ 18% ಇತ್ತು.

ನನ್ನದು 2014ರ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೊಸದರಲ್ಲಿ ಬ್ಯಾಟರಿ 24 ಕಿಲೋವ್ಯಾಟ್-ಅವರ್, ಅದರಲ್ಲಿ ನಮ್ಮ ಬಳಕೆಗೆ ಸಿಗುತ್ತಿದ್ದದ್ದು ಸುಮಾರು 22. ಈಗಿನ ಕಾರುಗಳ ಮುಂದೆ ಇದು ಸಣ್ಣ ಬ್ಯಾಟರಿ. ಆದರೆ ನಮ್ಮ ದಿನದ ಓಡಾಟಕ್ಕೆ ಧಾರಾಳವಾಗಿ ಸಾಕು, ಇನ್ನೂ ಐದಾರು ವರ್ಷ ಇದನ್ನೇ ಓಡಿಸಬೇಕು ಅಂತ ನನ್ನ ಆಸೆ.

ಮಾರನೇ ದಿನ ಸರ್ವಿಸ್ ಸೆಂಟರಿಗೆ ಹೋದೆ. ಅವರು ತಮ್ಮ ಯಂತ್ರ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು ಕೊಟ್ಟರು. ಬ್ಯಾಟರಿ ಆರೋಗ್ಯ 83%. "ಇಷ್ಟು ಹಳೇ ಕಾರಿಗೆ ತುಂಬಾ ಚೆನ್ನಾಗಿದೆ ಸರ್, ಚಳಿಗೆ ಹಾಗಾಗುತ್ತೆ" ಅಂದರು. ಎರರ್ ಕೋಡ್ ಯಾವುದೂ ಇಲ್ಲ. ಹಾಳೆ ಹಿಡಿದುಕೊಂಡು ಮನೆಗೆ ಬಂದೆ. ಸಮಾಧಾನ ಆಗಲಿಲ್ಲ. 83% ಇರುವ ಬ್ಯಾಟರಿ 22% ಚಾರ್ಜ್ ಇದ್ದಾಗ ಒಂದು ಏರು ಹತ್ತಲಾರದೆ ಹೋಗುತ್ತದೆ ಅಂದರೆ, ಒಂದೋ ಆ ಸಂಖ್ಯೆ ತಪ್ಪು, ಇಲ್ಲಾ ಆ ಸಂಖ್ಯೆ ಹೇಳುತ್ತಿರುವ ವಿಷಯವೇ ಬೇರೆ.

ವಿಷಯವೇ ಬೇರೆ ಆಗಿತ್ತು. ಅದನ್ನು ತಿಳಿದುಕೊಳ್ಳೋಕೆ ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಹಳೇ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿರುವ ಬೇರೆಯವರು ಇಷ್ಟು ದಿನ ಕಳೆಯುವುದು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲು ಎರಡು ಶೇಕಡಾಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಚಾರ್ಜ್ ಎಷ್ಟಿದೆ ಅನ್ನುವುದು. ಆರೋಗ್ಯ, ಅಂದರೆ ಎಸ್‌ಒಎಚ್ ಅನ್ನುತ್ತಾರಲ್ಲ, ಅದು ಹೊಸದಾಗಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಈಗ ಎಷ್ಟು ಪಾಲು ಹಿಡಿಯುತ್ತದೆ ಅನ್ನುವುದು. ನಾನು ಇದನ್ನು ಕೆರೆಯ ಹಾಗೆ ಯೋಚಿಸುತ್ತೇನೆ. ಹೂಳು ತುಂಬಿದ ಕೆರೆಯೂ ಮಳೆ ಬಂದರೆ ಕೋಡಿ ಬೀಳುತ್ತದೆ, ನೋಡುವವರಿಗೆ ಕೆರೆ ತುಂಬಿದೆ. ಆದರೆ ನೀರು ಎಷ್ಟು ಅನ್ನುವುದು ಹೂಳು ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಹಾಗೇ ಹಳೇ ಬ್ಯಾಟರಿಯೂ ಪ್ರತಿ ಸಲ 100% ಅಂತಲೇ ತೋರಿಸುತ್ತದೆ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ತೂಬಿನ ವಿಷಯ. ಕೆರೆಯಲ್ಲಿ ನೀರಿದ್ದರೂ ತೂಬು ಕಟ್ಟಿಕೊಂಡಿದ್ದರೆ ಗದ್ದೆಗೆ ಬೇಕಾದಾಗ ಬೇಕಾದಷ್ಟು ನೀರು ಬರಲ್ಲ, ಅಲ್ವಾ? ಬ್ಯಾಟರಿಯಲ್ಲಿ ಆ ತೂಬು ಅಂದರೆ ಒಳಗಿನ ರೆಸಿಸ್ಟೆನ್ಸ್. ವಯಸ್ಸಾದ ಹಾಗೆ ಎರಡೂ ಆಗುತ್ತವೆ. ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ಎರಡೂ ಒಂದೇ ಲೆಕ್ಕದಲ್ಲಿ ಹೋಗಬೇಕು ಅಂತೇನಿಲ್ಲ. ನನಗೆ ಕೊಟ್ಟ ಹಾಳೆಯಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಅದೂ ಇಡೀ ಪ್ಯಾಕಿಗೆ ಸೇರಿಸಿ ಒಂದೇ ಸಂಖ್ಯೆ.

ನಾನು ಒಬಿಡಿ ಡಾಂಗಲ್ ತರಿಸಿದೆ. ಸ್ಟಿಯರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಬ್ಲೂಟೂತ್ ಮೂಲಕ ಫೋನಿನಲ್ಲಿ ಬ್ಯಾಟರಿಯ ಒಳಗಿನ ಲೆಕ್ಕ ಎಲ್ಲಾ ಕಾಣುತ್ತದೆ. ಒಂದು ಮಾತು: ಇಎಲ್‌ಎಂ 327 ಅನ್ನುವುದು ಇಂಥ ಡಾಂಗಲ್ ಒಳಗಿನ ಚಿಪ್ಪಿನ ಹೆಸರು, ಆದರೆ ಹಾಗಂತ ಬರೆದಿರುವುದೆಲ್ಲಾ ಒಂದೇ ಅಲ್ಲ. ಅಗ್ಗದ ನಕಲಿಗಳಲ್ಲಿ ಅರ್ಧ ಕಮಾಂಡುಗಳೇ ಕೆಲಸ ಮಾಡಲ್ಲ, ನನ್ನ ಮೊದಲನೆಯದು ಸೆಲ್ ವೋಲ್ಟೇಜ್ ಕೇಳಿದಾಗಲೆಲ್ಲಾ ಕನೆಕ್ಷನ್ ಕಳೆದುಕೊಳ್ಳುತ್ತಿತ್ತು. ನಿಮ್ಮ ಕಾರಿಗೆ ಯಾವ ಆ್ಯಪ್ ಬೇಕು ಅಂತ ಮೊದಲು ನೋಡಿ, ಆ ಆ್ಯಪ್ ಮಾಡಿದವರು ಯಾವ ಡಾಂಗಲ್ ಹೇಳಿದ್ದಾರೋ ಅದನ್ನೇ ತಗೊಳ್ಳಿ. ನಿಸಾನ್ ಲೀಫ್ ಇದ್ದವರಿಗೆ ಲೀಫ್ ಸ್ಪೈ ಇದೆ, ಬೇರೆ ಕಾರುಗಳಿಗೆ ಕಾರ್ ಸ್ಕ್ಯಾನರ್ ತರಹದವು ಇವೆ. ಕೆಲಸ ಮುಗಿದ ಮೇಲೆ ಡಾಂಗಲ್ ತೆಗೆದಿಡಿ. ಸುಮ್ನೆ ಅಲ್ಲೇ ಬಿಟ್ಟರೆ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ದಿನವಿಡೀ ಹೀರುತ್ತಾ ಇರುತ್ತದೆ. ಆ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಆನ್ ಆಗಲ್ಲ.

ಆ್ಯಪ್ ತೆರೆದಾಗ ಮೊದಲ ಪುಟದಲ್ಲಿ ಅದೇ 83%. ಇನ್ನೊಂದು ಪುಟದಲ್ಲಿ 96 ಕಡ್ಡಿಗಳು ಸಾಲಾಗಿ ನಿಂತಿದ್ದವು. ನನ್ನ ಕಾರಿನಲ್ಲಿ 96 ಸೆಲ್ ಗುಂಪುಗಳು ಒಂದರ ಹಿಂದೆ ಒಂದು ಸೀರೀಸಿನಲ್ಲಿ ಸೇರಿವೆ, ಒಂದೊಂದು ಕಡ್ಡಿ ಒಂದೊಂದು ಗುಂಪಿನ ವೋಲ್ಟೇಜ್. ಕಾರು ನಿಂತಿತ್ತು, ಚಾರ್ಜ್ 25% ಇತ್ತು. ಎಲ್ಲಾ ಕಡ್ಡಿಗಳೂ 3.68 ವೋಲ್ಟ್ ಹತ್ತಿರ. ಎಲ್ಲಕ್ಕಿಂತ ಮೇಲಿನದಕ್ಕೂ ಕೆಳಗಿನದಕ್ಕೂ ವ್ಯತ್ಯಾಸ 21 ಮಿಲಿವೋಲ್ಟ್. ಹಳೇ ಬ್ಯಾಟರಿಗೆ ಇದು ದೊಡ್ಡ ವಿಷಯವೇನಲ್ಲ. ನಿಂತ ಕಾರಿನಲ್ಲಿ ಎಷ್ಟು ಹೊತ್ತು ನೋಡಿದರೂ ಏನೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಅದೇ ಏರಿಗೆ ಹೋದೆವು. ಓಡಿಸುತ್ತಾ ಫೋನ್ ನೋಡುವುದು ಅಪಾಯ, ಅದಕ್ಕೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಏರಿನ ಬುಡದಲ್ಲಿ ಕಾರು ನಿಧಾನ ಮಾಡಿ, ಆಮೇಲೆ ಒಂದೇ ಸಮನೆ ಆಕ್ಸಿಲರೇಟರ್ ತುಳಿದೆ.

"ಅಪ್ಪಾ, ಒಂದು ಕಡ್ಡಿ ಕೆಳಗೆ ಹೋಗ್ತಾ ಇದೆ. ಒಂದೇ ಒಂದು."

"ಯಾವ ನಂಬರ್?"

"ತಾಳು... ಅರವತ್ತೊಂದು. ಬಾಕಿ ಎಲ್ಲಾ ಸಾಲಾಗೇ ಇವೆ. ಅಯ್ಯೋ, ಇನ್ನೂ ಇಳೀತಾ ಇದೆ."

ಅವಳು ಆಗ ತೆಗೆದ ಸ್ಕ್ರೀನ್‌ಶಾಟ್ ಈಗಲೂ ನನ್ನ ಹತ್ತಿರ ಇದೆ. ಬ್ಯಾಟರಿಯಿಂದ 140 ಆಂಪಿಯರ್ ಹೋಗುತ್ತಿದೆ. 95 ಗುಂಪುಗಳು 3.55 ವೋಲ್ಟ್ ಆಸುಪಾಸು. 61ನೇ ಗುಂಪು 3.31. ವ್ಯತ್ಯಾಸ 240 ಮಿಲಿವೋಲ್ಟ್. ಏರು ಮುಗಿದು ಕಾಲು ತೆಗೆದ ಕೂಡಲೇ ಆ ಕಡ್ಡಿ ಮೇಲೆ ಬಂದು ಉಳಿದವುಗಳ ಜೊತೆ ನಿಂತುಬಿಟ್ಟಿತು.

ಇದೇ ಸಂಖ್ಯೆಗಳಿಂದ ರೆಸಿಸ್ಟೆನ್ಸ್ ಲೆಕ್ಕ ಹಾಕಬಹುದು, ಶಾಲೆಯಲ್ಲಿ ಕಲಿತ ಓಮ್ ನಿಯಮ ಸಾಕು. ಆರೋಗ್ಯವಾಗಿರುವ ಗುಂಪು 3.68ರಿಂದ 3.55ಕ್ಕೆ ಇಳಿಯಿತು, ಅಂದರೆ 0.13 ವೋಲ್ಟ್. ಅದನ್ನು 140 ಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 0.9 ಮಿಲಿಓಮ್. 61ನೆಯದು ನಿಂತಾಗ 3.66 ಇತ್ತು, ಲೋಡ್ ಬಿದ್ದಾಗ 3.31. ಇಳಿದದ್ದು 0.35 ವೋಲ್ಟ್, ಅಂದರೆ 2.5 ಮಿಲಿಓಮ್. ಅಕ್ಕಪಕ್ಕದವುಗಳಿಗಿಂತ ಎರಡೂವರೆ ಪಟ್ಟಿಗಿಂತ ಜಾಸ್ತಿ. ಲ್ಯಾಬಿನಲ್ಲಿ ಅಳೆದಷ್ಟು ನಿಖರ ಅಲ್ಲ ಇದು, ಆದರೆ ಗುಂಪುಗಳನ್ನು ಒಂದಕ್ಕೊಂದು ಹೋಲಿಸೋಕೆ ಧಾರಾಳ ಸಾಕು.

ಈಗ ಆ ಸಂಜೆಯ ಕತೆ ಅರ್ಥವಾಯಿತು. 96 ಗುಂಪುಗಳೂ ಸೀರೀಸಿನಲ್ಲಿ ಇರುವುದರಿಂದ ಎಲ್ಲದರ ಮೂಲಕವೂ ಅದೇ ಕರೆಂಟ್ ಹರಿಯಬೇಕು. ಯಾವುದೇ ಒಂದು ಗುಂಪಿನ ವೋಲ್ಟೇಜ್ ತೀರಾ ಕೆಳಗೆ ಹೋಗುತ್ತಿದೆ ಅನ್ನಿಸಿದರೆ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್, ಇಡೀ ಕಾರಿನ ಪವರ್ ಕಡಿಮೆ ಮಾಡುತ್ತದೆ. ಇಲ್ಲದಿದ್ದರೆ ಆ ಗುಂಪು ಪೂರ್ತಿ ಹಾಳಾಗುತ್ತದೆ. 95 ಗುಂಪುಗಳಲ್ಲಿ ಇನ್ನೂ ಬೇಕಾದಷ್ಟು ಚಾರ್ಜ್ ಇದ್ದರೂ ಒಂದು ಸೋತರೆ ಎಲ್ಲವೂ ನಿಲ್ಲಬೇಕು. ಅದರ ಮೇಲೆ ಆ ಸಂಜೆ ಚಳಿ. ಚಳಿಯಲ್ಲಿ ಲಿಥಿಯಂ-ಅಯಾನ್ ಸೆಲ್ಲಿನ ಒಳಗೆ ಎಲ್ಲವೂ ನಿಧಾನ, ರೆಸಿಸ್ಟೆನ್ಸ್ ಏರುತ್ತದೆ. ಮೊದಲೇ ಜಾಸ್ತಿ ಇದ್ದ 61ರಲ್ಲಿ ಇನ್ನೂ ಜಾಸ್ತಿಯಾಗಿತ್ತು. ಚಳಿಗೆ ಹಾಗಾಗುತ್ತೆ ಅಂದವರು ಪೂರ್ತಿ ತಪ್ಪು ಹೇಳಿರಲಿಲ್ಲ. ಆದರೆ 96 ಕಡ್ಡಿಗಳನ್ನು ಲೋಡ್ ಹಾಕಿ ನೋಡಿದ್ದರೆ ಕಾರಣ ಅಲ್ಲೇ ಸಿಗುತ್ತಿತ್ತು.

ಆ ದಿನದಿಂದ ಒಂದು ನೋಟ್‌ಬುಕ್ ಶುರು ಮಾಡಿದೆ. ತಿಂಗಳಿಗೆ ಒಂದು ಸಲ, ಒಂದೇ ಭಾನುವಾರ, ಒಂದೇ ರೀತಿ. ತಾರೀಕು, ಓಡಿದ ಕಿಲೋಮೀಟರ್, ಬ್ಯಾಟರಿಯ ಉಷ್ಣತೆ, ಚಾರ್ಜ್, ಎಸ್‌ಒಎಚ್, ಆಂಪಿಯರ್-ಅವರ್, ನಿಂತಾಗ ಮಿಲಿವೋಲ್ಟ್ ವ್ಯತ್ಯಾಸ, ಏರಿನಲ್ಲಿ ವ್ಯತ್ಯಾಸ, ಎಲ್ಲಕ್ಕಿಂತ ಕೆಳಗಿನ ಗುಂಪಿನ ನಂಬರ್. ಈ ಕೊನೆಯದನ್ನು ಬರೆಯಲು ಮರೆಯಬೇಡಿ. ಪ್ರತಿ ತಿಂಗಳೂ ಬೇರೆ ಬೇರೆ ನಂಬರ್ ಬರುತ್ತಿದ್ದರೆ ಹೆದರುವುದು ಬೇಡ, ಅದು ಅಳತೆಯ ಸಣ್ಣಪುಟ್ಟ ಏರುಪೇರು. ಪ್ರತಿ ಸಲವೂ ಅದೇ ನಂಬರ್ ಬಂದರೆ ಮಾತ್ರ ಗಮನ ಕೊಡಬೇಕು.

ಒಂದೇ ರೀತಿ ಅನ್ನುವುದಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಅದನ್ನು ಬಿಟ್ಟಿದ್ದರೆ ಮೋಸ ಹೋಗುತ್ತಿದ್ದೆ. ಚಳಿಗಾಲದಲ್ಲಿ ಬ್ಯಾಟರಿ 9 ಡಿಗ್ರಿ ಇದ್ದಾಗ ಏರಿನಲ್ಲಿ ವ್ಯತ್ಯಾಸ 240. ಮೂರು ತಿಂಗಳು ಬಿಟ್ಟು ಬಿಸಿಲು ಬಂತು, ಬ್ಯಾಟರಿ 28 ಡಿಗ್ರಿ, ವ್ಯತ್ಯಾಸ 150. ಬ್ಯಾಟರಿ ತಾನೇ ವಾಸಿಯಾಯಿತು ಅಂತ ಒಂದು ಕ್ಷಣ ಖುಷಿಯಾಗಿತ್ತು. ನಾನು ತೋರಿಸಿದ್ದು ಒಬ್ಬ ಸ್ವತಂತ್ರ ಟೆಕ್ನಿಷಿಯನ್‌ಗೆ, ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಮಾತ್ರ ನೋಡುವವರು. ಅವರು ನೋಟ್‌ಬುಕ್ಕಿನಲ್ಲಿ ಉಷ್ಣತೆಯ ಕಾಲಂ ಮೇಲೆ ಬೆರಳಿಟ್ಟರು. "ಸರ್, ಇದು ವಾಸಿ ಆಗಿರೋದಲ್ಲ. ಮತ್ತೆ ಇಷ್ಟೇ ಚಳಿ ಬಂದಾಗ ನೋಡಿ, ಆಗ ಹೇಳೋಣ" ಅಂದರು. ಕಾದೆ. ಮತ್ತೆ ಚಳಿ ಬಂತು, 10 ಡಿಗ್ರಿ, ಅದೇ ಏರು, ಅದೇ 25% ಚಾರ್ಜ್. 310 ಮಿಲಿವೋಲ್ಟ್. ನಂಬರ್ 61. ಅಂದರೆ ಒಂದು ವರ್ಷದಲ್ಲಿ 240ರಿಂದ 310ಕ್ಕೆ ಹೋಗಿದೆ. ಅದೇ ವರ್ಷದಲ್ಲಿ ಎಸ್‌ಒಎಚ್ 83ರಿಂದ 82 ಆಗಿತ್ತು, ಅಷ್ಟೇ.

ಆ ಎಸ್‌ಒಎಚ್ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಬೇಕು. ಅದು ನೇರವಾಗಿ ಅಳೆದದ್ದಲ್ಲ, ಬಿಎಂಎಸ್ ಹಾಕಿದ ಅಂದಾಜು. ಒಳಗೆ ಹೋದ ಮತ್ತು ಹೊರಗೆ ಬಂದ ಕರೆಂಟನ್ನು ಎಣಿಸುತ್ತಾ, ಮಧ್ಯೆ ಮಧ್ಯೆ ವೋಲ್ಟೇಜ್ ಜೊತೆ ತಾಳೆ ನೋಡುತ್ತಾ ಹೋಗುತ್ತದೆ. ಎಣಿಕೆಯಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತವೆ. ಯಾವಾಗಲೂ 40ರಿಂದ 70%ರ ನಡುವೆಯೇ ಓಡಿಸುತ್ತಿದ್ದರೆ ತುದಿ ಯಾವುದು, ತಳ ಯಾವುದು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ಎರಡು ಮೂರು ಸಲ 10% ಹತ್ತಿರ ಇಳಿಸಿ ಪೂರ್ತಿ ಚಾರ್ಜ್ ಮಾಡಿದರೆ ಸಂಖ್ಯೆ ಒಂದೆರಡು ಪಾಯಿಂಟ್ ಏರಬಹುದು, ಇಳಿಯಲೂಬಹುದು. ಬ್ಯಾಟರಿ ಬದಲಾಗಿರಲ್ಲ, ಅಂದಾಜು ಸರಿಯಾಗಿರುತ್ತದೆ. ಇದರ ಜೊತೆಗೆ ಕೆಲವು ಕಂಪನಿಗಳು ಹೊಸದರಲ್ಲಿ ಸ್ವಲ್ಪ ಸಾಮರ್ಥ್ಯವನ್ನು ಮರೆಯಲ್ಲಿ ಇಟ್ಟಿರುತ್ತಾರೆ. ಆ ಕಾರುಗಳಲ್ಲಿ ವರ್ಷಗಟ್ಟಲೆ 100% ಅಂತಲೇ ಬರುತ್ತದೆ. ಒಂದು ಕಾರಿನ ಎಸ್‌ಒಎಚ್ ಅನ್ನು ಇನ್ನೊಂದು ಕಂಪನಿಯ ಕಾರಿನ ಎಸ್‌ಒಎಚ್ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಸಂಖ್ಯೆ ನಿಜವೋ ಅಂತ ನೀವೇ ಒಂದು ಸಲ ಪರೀಕ್ಷೆ ಮಾಡಬಹುದು. ನಾನು ಮಾಡಿದ್ದು ಹೀಗೆ. 10%ಗೆ ಇಳಿಸಿ, ಒಂದು ಗಂಟೆ ಸುಮ್ಮನೆ ಬಿಟ್ಟು, ಮನೆಯ ಪಾಯಿಂಟಿಗೆ ಮೀಟರ್ ಹಾಕಿ ಪೂರ್ತಿ ಚಾರ್ಜ್ ಮಾಡಿದೆ. ಗೋಡೆಯಿಂದ ಎಳೆದದ್ದು 18.4 ಯೂನಿಟ್. ಅದೆಲ್ಲಾ ಬ್ಯಾಟರಿಗೆ ಹೋಗಲ್ಲ, ಚಾರ್ಜರಿನಲ್ಲಿ ಶಾಖವಾಗಿ ಒಂದಿಷ್ಟು ಹೋಗುತ್ತದೆ. ಮನೆಯ ಚಾರ್ಜಿಂಗಿನಲ್ಲಿ ಸಾಮಾನ್ಯವಾಗಿ 10ರಿಂದ 15%. ನಾನು 12% ಅಂತ ಹಿಡಿದೆ. ಒಳಗೆ ಹೋದದ್ದು ಸುಮಾರು 16.2. ಅದು 90% ಭಾಗಕ್ಕೆ. ಪೂರ್ತಿಗೆ ಲೆಕ್ಕ ಹಾಕಿದರೆ 18. ಹೊಸದರಲ್ಲಿ 22 ಇತ್ತು, ಹಾಗಾಗಿ 82%. ಆ್ಯಪ್ ಹೇಳಿದ್ದಕ್ಕೆ ಹೊಂದುತ್ತದೆ. ಅಂದರೆ ನನ್ನ ಕಾರಿನ 83 ಸುಳ್ಳಾಗಿರಲಿಲ್ಲ. 96 ಗುಂಪುಗಳ ಪೈಕಿ ಒಂದರ ತೂಬು ಕಟ್ಟಿದೆ ಅಂತ ಹೇಳುವ ಶಕ್ತಿ ಆ ಸಂಖ್ಯೆಗೆ ಇರಲಿಲ್ಲ, ಅಷ್ಟೇ.

ವಾರಂಟಿ, ಕಾನೂನು ಎಲ್ಲವೂ ನಿಂತಿರುವುದು ಇಂಥದೇ ಒಂದು ಸಂಖ್ಯೆಯ ಮೇಲೆ. ಬಹಳಷ್ಟು ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್‌ವರೆಗೆ 70% ಉಳಿಯುತ್ತದೆ ಅಂತ ಮಾತು ಕೊಡುತ್ತವೆ. 2022ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ ತಂದ 22ನೇ ಜಾಗತಿಕ ತಾಂತ್ರಿಕ ನಿಯಮವೂ 5 ವರ್ಷ ಅಥವಾ 1,00,000 ಕಿಲೋಮೀಟರಿಗೆ 80%, 8 ವರ್ಷ ಅಥವಾ 1,60,000ಕ್ಕೆ 70% ಅಂತ ಇಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರವರಿಯಿಂದ ಹೊಸ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಇವೆಲ್ಲಾ ಒಳ್ಳೆಯದೇ, ಬೇಕಾಗಿದ್ದವೇ. ಆದರೆ ನನ್ನಂಥ 2014ರ ಕಾರಿಗೆ ವಾರಂಟಿ ಮುಗಿದು ಎಷ್ಟೋ ವರ್ಷವಾಯಿತು. ನಮ್ಮ ಕಾರನ್ನು ನಾವೇ ನೋಡಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇಲ್ಲಿ ಒಂದು ಮಾತು. ಲೀಫ್ ಕಾರಿನಲ್ಲಿ ಬ್ಯಾಟರಿ ಆರೋಗ್ಯ ತೋರಿಸಲು 12 ಪಟ್ಟಿಗಳಿವೆ. ಒಂದು ಹೋಗಿ 11 ಉಳಿದಿದ್ದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ 8% ಹೋಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಮೊದಲ ಪಟ್ಟಿ ಹೋಗುವುದೇ ಸುಮಾರು 15% ಸಾಮರ್ಥ್ಯ ಹೋದ ಮೇಲೆ. ಆಮೇಲಿನ ಒಂದೊಂದು ಪಟ್ಟಿಗೆ 6% ಚಿಲ್ಲರೆ. ಅಲ್ಲದೆ ಬಿಎಂಎಸ್ ರೀಸೆಟ್ ಮಾಡಿದರೆ ಹೋದ ಪಟ್ಟಿಗಳು ತಾತ್ಕಾಲಿಕವಾಗಿ ವಾಪಸ್ ಬರುತ್ತವೆ. ಹಾಗಾಗಿ ಕಾರು ನೋಡಲು ಹೋಗುವಾಗ ಡಾಂಗಲ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಚಾರ್ಜ್ 25-30% ಇರುವಾಗ ಟೆಸ್ಟ್ ಡ್ರೈವ್ ಕೇಳಿ. ಮಾರುವವರು ಸಾಮಾನ್ಯವಾಗಿ ಪೂರ್ತಿ ಚಾರ್ಜ್ ಮಾಡಿಯೇ ನಿಲ್ಲಿಸಿರುತ್ತಾರೆ, ಆಗ ಬಲಹೀನ ಸೆಲ್ಲೂ ಚೆನ್ನಾಗೇ ನಡೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ ಬರುವುದನ್ನಂತೂ ಲೆಕ್ಕಕ್ಕೇ ತಗೋಬೇಡಿ, ಅದು ಇತ್ತೀಚೆಗೆ ಹೇಗೆ ಓಡಿಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವ ಕಾರಾದರೆ ಇನ್ನೊಂದು ವಿಷಯ. ಅದರಲ್ಲಿ ವೋಲ್ಟೇಜ್ ಮಧ್ಯದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ, 3.2-3.3 ವೋಲ್ಟ್. 50% ಚಾರ್ಜ್ ಇದ್ದಾಗ, ಅದೂ ನಿಂತ ಕಾರಿನಲ್ಲಿ, ಸೆಲ್‌ಗಳ ವ್ಯತ್ಯಾಸ 3 ಮಿಲಿವೋಲ್ಟ್ ಅಂತ ಬಂದರೆ ಅದರಿಂದ ಏನೂ ತಿಳಿಯಲ್ಲ. ತೀರಾ ತುದಿಯಲ್ಲಿ ಇಲ್ಲವೇ ತೀರಾ ತಳದಲ್ಲಿ ನೋಡಬೇಕು. ಇದೇ ಕಾರಣಕ್ಕೆ ಟೆಸ್ಲಾ ಕೂಡ ಎಲ್‌ಎಫ್‌ಪಿ ಕಾರುಗಳನ್ನು ವಾರಕ್ಕೊಮ್ಮೆಯಾದರೂ 100% ಚಾರ್ಜ್ ಮಾಡಿ ಅಂತ ಹೇಳುತ್ತದೆ. ತುದಿ ಮುಟ್ಟಿದಾಗಲೇ ಬಿಎಂಎಸ್‌ಗೆ ಲೆಕ್ಕ ಸರಿಮಾಡಿಕೊಳ್ಳಲು ಆಗುವುದು.

ನನ್ನ ತರಹದ ಬೇರೆ ರಸಾಯನದ ಬ್ಯಾಟರಿಗೆ ಸದಾ 100% ಒಳ್ಳೆಯದಲ್ಲ. ಸೆಲ್ಲಿನ ಗ್ರಾಫೈಟ್ ಮೇಲೆ ತೆಳುವಾದ ಒಂದು ಪದರ ಬೆಳೆಯುತ್ತಾ ಹೋಗುತ್ತದೆ, ಅದಕ್ಕೆ ಎಸ್‌ಇಐ ಅನ್ನುತ್ತಾರೆ. ಅದು ಬೆಳೆದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ದಾರಿಯೂ ಕಿರಿದಾಗುತ್ತದೆ. ಕಾರು ನಿಂತಿದ್ದರೂ ಇದು ನಡೆಯುತ್ತಲೇ ಇರುತ್ತದೆ, ಶಾಖ ಮತ್ತು ಪೂರ್ತಿ ಚಾರ್ಜ್ ಎರಡೂ ಸೇರಿದರೆ ಇನ್ನೂ ಬೇಗ. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಬಿಸಿಲಿಗೆ ಹೆಸರಾದ ಜಾಗ ಅದು, ಒಂದೆರಡು ವರ್ಷದ ಲೀಫ್ ಕಾರುಗಳೇ ಪಟ್ಟಿ ಕಳೆದುಕೊಂಡಾಗ ಇದು ಎಲ್ಲರ ಗಮನಕ್ಕೆ ಬಂತು. ಆ ಕಾರಿನ ಬ್ಯಾಟರಿಗೆ ತಣ್ಣಗೆ ಮಾಡುವ ದ್ರವವಾಗಲಿ ಫ್ಯಾನ್ ಆಗಲಿ ಇರಲಿಲ್ಲ. ನಾನು ದಿನದ ಓಡಾಟಕ್ಕೆ 80%ಗೆ ನಿಲ್ಲಿಸುತ್ತೇನೆ. ತಿಂಗಳಿಗೊಮ್ಮೆ ಮಾತ್ರ 100% ಮಾಡಿ, ಕೇಬಲ್ ತೆಗೆಯದೆ ಇನ್ನೆರಡು ಗಂಟೆ ಬಿಡುತ್ತೇನೆ. ಗುಂಪುಗಳ ಬ್ಯಾಲೆನ್ಸಿಂಗ್, ಅಂದರೆ ಎಲ್ಲದರ ಚಾರ್ಜ್ ಮಟ್ಟವನ್ನು ಸಮ ಮಾಡುವ ಕೆಲಸ, ಹೆಚ್ಚಾಗಿ ನಡೆಯುವುದು ಆಗಲೇ, ಅದೂ ಬಹಳ ನಿಧಾನ. ಆಮೇಲೆ ನಿಲ್ಲಿಸಿಡದೆ ಓಡಿಸಿಕೊಂಡು ಹೋಗಿಬಿಡುತ್ತೇನೆ.

61ರ ವಿಷಯಕ್ಕೆ ವಾಪಸ್ ಬರುತ್ತೇನೆ. ಬ್ಯಾಲೆನ್ಸಿಂಗ್‌ನಿಂದ ಅದು ಸರಿಹೋಗಬಹುದು ಅಂತ ನಾನು ತುಂಬಾ ದಿನ ನಂಬಿದ್ದೆ. ಸೆಲ್‌ಗಳ ಚಾರ್ಜ್ ಮಟ್ಟ ಹೆಚ್ಚುಕಡಿಮೆ ಆಗಿದ್ದರೆ ಬ್ಯಾಲೆನ್ಸಿಂಗ್ ಸರಿಮಾಡುತ್ತದೆ. ರೆಸಿಸ್ಟೆನ್ಸ್ ಏರಿದ್ದರೆ ಅದರಿಂದ ಏನೂ ಆಗಲ್ಲ. ಇವೆರಡನ್ನೂ ಬೇರೆ ಮಾಡಿ ತಿಳಿಯುವುದು ಸುಲಭ: ಕಾರು ನಿಂತಾಗಲೂ ಲೋಡ್ ಇದ್ದಾಗಲೂ ವ್ಯತ್ಯಾಸ ಒಂದೇ ಇದ್ದರೆ ಬ್ಯಾಲೆನ್ಸ್ ತಪ್ಪಿರಬಹುದು, ಲೋಡ್ ಬಿದ್ದಾಗ ಮಾತ್ರ ದೊಡ್ಡದಾದರೆ ರೆಸಿಸ್ಟೆನ್ಸ್.

ಎರಡನೇ ಚಳಿಗಾಲದ 310 ನೋಡಿದ ಮೇಲೆ ಟೆಕ್ನಿಷಿಯನ್ ತಡಮಾಡುವುದು ಬೇಡ ಅಂದರು. ಇಡೀ ಪ್ಯಾಕ್ ಬದಲಾಯಿಸುವ ಅಗತ್ಯವಿರಲಿಲ್ಲ, 61 ಮತ್ತು 62 ಇರುವ ಒಂದು ಮಾಡ್ಯೂಲ್ ಸಾಕು. ಇದನ್ನು ದಯವಿಟ್ಟು ಮನೆಯಲ್ಲಿ ಮಾಡೋಕೆ ಹೋಗಬೇಡಿ. ಪ್ಯಾಕಿನಲ್ಲಿ 350-400 ವೋಲ್ಟ್ ಡಿಸಿ ಇರುತ್ತದೆ, ಒಂದು ಸಲ ಕೈ ತಪ್ಪಿದರೆ ಜೀವ ಹೋಗುತ್ತದೆ. ಕಾರು ಆಫ್ ಮಾಡಿದರೂ ಸೆಲ್‌ಗಳು ಆಫ್ ಆಗಲ್ಲ.

ನಾನು ಹೊಸ ಮಾಡ್ಯೂಲೇ ಹಾಕಿ ಅಂದೆ. ಅವರು ಬೇಡ ಅಂದರು. 94 ಗುಂಪುಗಳು ಹಳೆಯವೇ ಇರುವಾಗ ಎರಡು ಮಾತ್ರ ಹೊಸದಾದರೆ ಅವುಗಳ ಹೆಚ್ಚಿನ ಸಾಮರ್ಥ್ಯ ಬಳಕೆಗೆ ಬರುವುದೇ ಇಲ್ಲ. ಹಳೆಯವು ಖಾಲಿಯಾದ ಕೂಡಲೇ ಕಾರು ನಿಲ್ಲುತ್ತದೆ. ಅದಕ್ಕೆ ಅಪಘಾತವಾದ ಅದೇ ಮಾದರಿಯ ಕಾರಿನಿಂದ ತೆಗೆದ, ನಮ್ಮದಕ್ಕೆ ಹತ್ತಿರದ ಸಾಮರ್ಥ್ಯದ ಮಾಡ್ಯೂಲ್ ಹುಡುಕಿದರು. ಹಾಕುವ ಮುಂಚೆ ಅದರ ವೋಲ್ಟೇಜನ್ನು ಉಳಿದವುಗಳ ಮಟ್ಟಕ್ಕೆ ತರಲು ಒಂದು ಇಡೀ ದಿನ ತಗೊಂಡರು. ಅವಸರ ಮಾಡುವವರ ಕೈಗೆ ಕಾರು ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಮಟ್ಟ ಹೊಂದಿಸದೆ ಹಾಕಿದರೆ ಕಾರಿನ ಸಣ್ಣ ಬ್ಯಾಲೆನ್ಸಿಂಗ್ ಕರೆಂಟಿಗೆ ಅದನ್ನು ಸರಿದೂಗಿಸಲು ವಾರಗಟ್ಟಲೆ ಬೇಕಾಗುತ್ತದೆ.

ಹಳೇ ಮಾಡ್ಯೂಲ್ ಹೊರಗೆ ಬಂದಾಗ ಮೇಜಿನ ಮೇಲೆ ಇಟ್ಟು ನೋಡಿದೆವು. ಬೂದು ಬಣ್ಣದ ಚಪ್ಪಟೆ ಡಬ್ಬಿ. ಅದರ ಪಕ್ಕಕ್ಕೆ ಸ್ಟೀಲ್ ಸ್ಕೇಲ್ ಹಿಡಿದರು, ಒಂದು ಬದಿಯಲ್ಲಿ ಸ್ಕೇಲ್ ಸಮವಾಗಿ ಕೂರಲಿಲ್ಲ, ಮಧ್ಯದಲ್ಲಿ ಕೂದಲೆಳೆಯಷ್ಟು ಉಬ್ಬಿತ್ತು. ಕಣ್ಣಿಗೆ ಬೇರೇನೂ ಕಾಣಲ್ಲ. ಆ ಉಬ್ಬನ್ನು ನಾವು ಒಂದು ವರ್ಷದಿಂದ ಫೋನಿನಲ್ಲಿ ಕಡ್ಡಿಯಾಗಿ ನೋಡುತ್ತಿದ್ದೆವು.

ಮಾಡ್ಯೂಲ್ ಹಾಕಿ ಈಗ ಎರಡು ತಿಂಗಳು. ಎಸ್‌ಒಎಚ್ ಮೊದಲ ಮೂರು ವಾರ 82ರಲ್ಲೇ ಇತ್ತು, ಈಗ 83. ಕಾರಿನ ಆರೋಗ್ಯ ಕಾಗದದ ಮೇಲೆ ಒಂದೇ ಒಂದು ಪಾಯಿಂಟ್ ಏರಿದೆ. ಆದರೆ ಕಳೆದ ಭಾನುವಾರ 11 ಡಿಗ್ರಿ ಚಳಿಯಲ್ಲಿ, 25% ಚಾರ್ಜಿನಲ್ಲಿ, ಅದೇ ಏರನ್ನು ಪೂರ್ತಿ ಪವರಿನಲ್ಲಿ ಹತ್ತಿದೆವು. ಹಳದಿ ದೀಪ ಹತ್ತಲಿಲ್ಲ. ಮಗಳು ಸಂಖ್ಯೆ ಓದುತ್ತಿದ್ದಳು, ನಿಂತಾಗ 14, ಏರಿನಲ್ಲಿ 52. ಈಗ ಎಲ್ಲಕ್ಕಿಂತ ಕೆಳಗೆ ಇರುವುದು 12ನೇ ಗುಂಪು. ಹೋದ ತಿಂಗಳು ಕೆಳಗಿದ್ದದ್ದು 88. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.